ಹಳೆಯ ಪೈಪ್ ಆರ್ಗನ್ ಬಿಚ್ಚಿ ತಂದು ಮತ್ತೆ ಕಟ್ಟುವುದು: ಚರ್ಚ್ ಸಭೆಗಳಿಗೆ ಒಂದು ಕೈಪಿಡಿ

ಇಂಗ್ಲೆಂಡಿನಲ್ಲಿ ಹಳೆಯ ಚಾಪೆಲ್‌ಗಳು, ಅಂದರೆ ಸಣ್ಣ ಚರ್ಚುಗಳು, ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಕಟ್ಟಡವನ್ನು ಯಾರೋ ಕೊಂಡು ಫ್ಲ್ಯಾಟ್ ಮಾಡುತ್ತಾರೆ, ಇಲ್ಲವೇ ಗೋದಾಮು ಮಾಡುತ್ತಾರೆ. ಒಳಗಿನ ಬೆಂಚು, ದೀಪ ಎಲ್ಲ ಮಾರಾಟ ಆಗುತ್ತದೆ. ಪೈಪ್ ಆರ್ಗನ್‌ಗೆ ಮಾತ್ರ ಗಿರಾಕಿ ಸಿಗುವುದು ಕಷ್ಟ. ಸಿಗದಿದ್ದರೆ ಸೀಸ, ತವರದ ಪೈಪುಗಳು ಗುಜರಿಗೆ, ಮರ ಒಲೆಗೆ. ನೂರಕ್ಕೂ ಹೆಚ್ಚು ವರ್ಷ ಒಂದು ಊರಿನ ಮದುವೆಗೂ ಸಾವಿಗೂ ನುಡಿದ ವಾದ್ಯ ಅದು. ನೋಡಿದರೆ ಹೊಟ್ಟೆ ಉರಿಯುತ್ತದೆ.

ನಾನು ಉಡುಪಿ ಕಡೆಯವನು. ಮಂಗಳೂರಿನಲ್ಲಿ ಫೌಂಡ್ರಿಗೆ ಮರದ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮಾಡುವ ಕೆಲಸ ಕಲಿತೆ. ಆಮೇಲೆ ಯಾರ್ಕ್‌ಶೈರ್‌ಗೆ ಬಂದು ಇಲ್ಲೇ ನೆಲೆಸಿದೆ. ಇಲ್ಲಿನ ನಮ್ಮ ಸಭೆಗೆ ಹೀಗೆ ಅನಾಥವಾಗಿದ್ದ ಒಂದು ಆರ್ಗನ್ ತಂದು ನಿಲ್ಲಿಸಿದೆವು. ಹಲ್ ಪಟ್ಟಣದ ಫಾರ್ಸ್ಟರ್ ಅಂಡ್ ಆಂಡ್ರೂಸ್ ಕಂಪನಿ 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಎರಡು ಕೀಬೋರ್ಡು, ಕಾಲಿಗೆ ಒಂದು ಪೆಡಲ್ ಬೋರ್ಡು, ಹನ್ನೆರಡು ಸ್ಟಾಪ್, ಅಂದರೆ ಬೇರೆ ಬೇರೆ ದನಿಯ ಹನ್ನೆರಡು ಪೈಪು ಸಾಲು. ಅದಾದ ಮೇಲೆ ಬೇರೆ ಸಭೆಗಳ ಕೆಲಸಕ್ಕೂ ಕೈ ಜೋಡಿಸಿದ್ದೇನೆ. ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಚರ್ಚ್ ಕಮಿಟಿಯಲ್ಲಿರುವ ಕನ್ನಡದವರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಊರಿನ ಕಡೆಯಿಂದಲೂ ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಚರ್ಚಿಗೆ ಹೊಂದುವ ಆರ್ಗನ್ ಹುಡುಕಿ. ಸಿಕ್ಕಿದ ಆರ್ಗನ್ ಅನ್ನು ಕೊಯ್ದು, ಕತ್ತರಿಸಿ ಹೊಂದಿಸಲು ಹೋಗಬೇಡಿ. ಇರುವ ದುಡ್ಡನ್ನು ಗಾಳಿ, ಚರ್ಮ, ಪೈಪು ನಿಲ್ಲುವ ಸೌಂಡ್‌ಬೋರ್ಡು ಈ ಮೂರಕ್ಕೆ ಹಾಕಿ. ಹೊಸ ಸ್ಟಾಪ್ ಸೇರಿಸುವ ಆಸೆ ಬಿಟ್ಟುಬಿಡಿ. ಮುಂದೆ ಬರೆದಿರುವುದೆಲ್ಲ ಇದರ ವಿವರವೇ.

ಆರ್ಗನ್ ಜಾಗ ಬದಲಿಸುವುದು ಹೊಸ ಸಂಗತಿ ಏನಲ್ಲ. ಟ್ಯೂಕ್ಸ್‌ಬರಿ ಅಬ್ಬಿ ಎಂಬ ಹಳೆಯ ಚರ್ಚಿನಲ್ಲಿರುವ ಮಿಲ್ಟನ್ ಆರ್ಗನ್ ಮೊದಲು ಇದ್ದದ್ದು ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನಲ್ಲಿ. ರಾಜನಿಲ್ಲದೆ ಕ್ರಾಮ್ವೆಲ್ ಆಳಿದ ಕಾಲದಲ್ಲಿ ಅದು ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಹೋಯಿತು, ರಾಜ ವಾಪಸ್ ಬಂದ ಮೇಲೆ ಕಾಲೇಜಿಗೆ ಮರಳಿತು, 1737ರಲ್ಲಿ ಟ್ಯೂಕ್ಸ್‌ಬರಿಗೆ ಬಂತು. ಅಮೆರಿಕದ ಬಾಸ್ಟನ್ ಮ್ಯೂಸಿಕ್ ಹಾಲ್‌ನಲ್ಲಿ 1863ರಲ್ಲಿ ಜರ್ಮನಿಯ ವಾಲ್ಕರ್ ಕಂಪನಿಯ ದೊಡ್ಡ ಆರ್ಗನ್ ನಿಲ್ಲಿಸಿದ್ದರು. 1884ರಲ್ಲಿ ಅದನ್ನು ಬಿಚ್ಚಿದರು. ವರ್ಷಗಟ್ಟಲೆ ಕಟ್ಟಿಟ್ಟ ಸ್ಥಿತಿಯಲ್ಲೇ ಇತ್ತು. ಕೊನೆಗೆ ಮೆಥ್ಯೂಯೆನ್ ಎಂಬ ಊರಿನಲ್ಲಿ ಅದಕ್ಕಾಗಿಯೇ ಒಂದು ಹಾಲ್ ಕಟ್ಟಿ 1909ರಲ್ಲಿ ಮತ್ತೆ ನುಡಿಸಿದರು. ಈಗಲೂ ಅಲ್ಲೇ ನುಡಿಯುತ್ತಿದೆ. ಸರಿಯಾಗಿ ಬಿಚ್ಚಿ ಜೋಪಾನ ಮಾಡಿದ ಆರ್ಗನ್‌ಗೆ ಎರಡನೆಯ ಆಯುಷ್ಯ ಇದೆ ಅನ್ನುವುದಕ್ಕೆ ಇಷ್ಟು ಸಾಕು.

ಒಳಗೆ ಏನಿದೆ

ಹಾರ್ಮೋನಿಯಂ ಬಿಚ್ಚಿ ನೋಡಿದವರಿಗೆ ಆರ್ಗನ್ ಅರ್ಧ ಗೊತ್ತಿದ್ದ ಹಾಗೆ. ತಿದಿ ಗಾಳಿ ತುಂಬಿಕೊಳ್ಳುತ್ತದೆ. ಕೀ ಒತ್ತಿದರೆ ಒಳಗೆ ಒಂದು ಮುಚ್ಚಳ ತೆರೆದು ಗಾಳಿ ಮೇಲೆ ಹೋಗುತ್ತದೆ. ಹಾರ್ಮೋನಿಯಂನಲ್ಲಿ ಆ ಗಾಳಿ ಹಿತ್ತಾಳೆ ರೀಡಿಗೆ ಹೋಗುತ್ತದೆ, ಇಲ್ಲಿ ಪೈಪಿಗೆ. ವ್ಯತ್ಯಾಸ ಇರುವುದು ಗಾತ್ರದಲ್ಲಿ. ಆರ್ಗನ್ನಿನಲ್ಲಿ ಪೈಪುಗಳು ನಿಲ್ಲುವ ದೊಡ್ಡ ಮರದ ಪೆಟ್ಟಿಗೆಗೆ ಸೌಂಡ್‌ಬೋರ್ಡ್ ಎನ್ನುತ್ತಾರೆ. ಅದರೊಳಗೆ ಪ್ರತಿ ಕೀಗೆ ಒಂದು ಉದ್ದನೆಯ ಗಾಳಿ ದಾರಿ, ಅದರ ಬಾಯಿಗೆ ಚರ್ಮ ಹಚ್ಚಿದ ಪ್ಯಾಲೆಟ್ ಎಂಬ ಮುಚ್ಚಳ. ಮೇಲೆ ಪ್ರತಿ ಸ್ಟಾಪಿಗೆ ಒಂದು ತೂತಿನ ಪಟ್ಟಿ, ಅದು ಸ್ಲೈಡರ್. ಸ್ಟಾಪಿನ ಗುಬುಟು ಎಳೆದರೆ ಸ್ಲೈಡರ್ ಸರಿದು ತೂತಿಗೆ ತೂತು ಕೂಡುತ್ತದೆ, ಆ ಸಾಲಿನ ಪೈಪುಗಳಿಗೆ ಗಾಳಿ ಹೋಗಲು ದಾರಿ ಆಗುತ್ತದೆ. ಕೀಯಿಂದ ಪ್ಯಾಲೆಟ್‌ವರೆಗೆ ಎಳೆಯುವ ತೆಳು ಮರದ ಕಡ್ಡಿಗೆ ಟ್ರ್ಯಾಕರ್ ಎನ್ನುತ್ತಾರೆ.

ಮೊದಲ ಸಲ ಈ ಕೆಲಸಕ್ಕೆ ಇಳಿಯುವ ಸಭೆ ಟ್ರ್ಯಾಕರ್ ಇರುವ ಆರ್ಗನ್ನನ್ನೇ ಆರಿಸಿಕೊಳ್ಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. 20ನೇ ಶತಮಾನದಲ್ಲಿ ಎಷ್ಟೋ ಆರ್ಗನ್‌ಗಳಿಗೆ ವಿದ್ಯುತ್ ಮ್ಯಾಗ್ನೆಟ್, ಸಣ್ಣ ಸಣ್ಣ ಚರ್ಮದ ಮೋಟಾರು, ವೈರಿನ ಕಂತೆ ಹಾಕಿದರು. ಅವೆಲ್ಲ ಒಟ್ಟಿಗೇ ಹಳೆಯದಾಗುತ್ತವೆ, ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕಾಗುತ್ತದೆ. ಟ್ರ್ಯಾಕರ್ ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಒಳ್ಳೆಯ ಬಡಗಿ ಒಬ್ಬ ಸಂಜೆಯೊಳಗೆ ಸರಿ ಮಾಡಬಹುದು.

ಮೊದಲು ನಿಮ್ಮ ಚರ್ಚನ್ನು ಅಳೆಯಿರಿ

ಜನ ಆರ್ಗನ್ ನೋಡಲು ಓಡುತ್ತಾರೆ. ಅದಕ್ಕೂ ಮುಂಚೆ ಟೇಪ್ ಹಿಡಿದು ನಿಮ್ಮ ಚರ್ಚಿನೊಳಗೇ ಓಡಾಡಿ. 8 ಅಡಿಯ ಸ್ಟಾಪ್ ಎಂದರೆ ಅದರ ಅತಿ ತಗ್ಗಿನ ಸ್ವರದ ತೆರೆದ ಪೈಪು ನುಡಿಯುವ ಭಾಗವೇ ಸುಮಾರು 8 ಅಡಿ. ಅದರ ಕೆಳಗೆ ಪೈಪಿನ ಕಾಲು, ಕಾಲಿನ ಕೆಳಗೆ ಸೌಂಡ್‌ಬೋರ್ಡು, ಅದರ ಕೆಳಗೆ ಚೌಕಟ್ಟು. ಎಲ್ಲ ಕೂಡಿದರೆ ಸಾಧಾರಣ ಕೋಣೆಯ ಎತ್ತರ ಸಾಲುವುದಿಲ್ಲ. ಅಳತೆ ತೆಗೆದು ನೆಲದ ಮೇಲೆ ಟೇಪಿನಿಂದ ಗುರುತು ಹಾಕಿ. ಹಿಂದೆ ಮತ್ತು ಒಳಗೆ ಒಬ್ಬ ಮನುಷ್ಯ ಅಡ್ಡವಾಗಿ ನುಸುಳುವಷ್ಟು ಜಾಗ ಬಿಡಿ. ಶ್ರುತಿ ಮಾಡುವವರ ಕೈ ಪೈಪಿಗೆ ಎಟುಕದಿದ್ದರೆ ಆ ಪೈಪು ಎಂದೂ ಶ್ರುತಿಯಲ್ಲಿರುವುದಿಲ್ಲ.

ಆರ್ಗನ್ ಎಲ್ಲಿ ನಿಲ್ಲಬೇಕು? ಕಟ್ಟಡದ ಉದ್ದಕ್ಕೆ ದನಿ ಹೋಗುವ ಹಾಗೆ, ತೆರೆದ ಜಾಗದಲ್ಲಿ. ಪಕ್ಕದ ಆಳವಾದ ಗೂಡಿನೊಳಗೆ ತುರುಕಿದರೆ ದನಿ ಅಲ್ಲೇ ಸಾಯುತ್ತದೆ. ತೇವ ಇರುವ ಹೊರಗೋಡೆಗೆ ಒತ್ತಿಸಬೇಡಿ. ಹೀಟಿಂಗ್ ರೇಡಿಯೇಟರ್ ಪಕ್ಕ ಅಂತೂ ಬೇಡವೇ ಬೇಡ. ಗಾಳಿಯ ತೇವಾಂಶ ನೂರಕ್ಕೆ 50ರಿಂದ 60ರ ಆಸುಪಾಸಿನಲ್ಲಿ ಇದ್ದರೆ ಮರ ಸುಖವಾಗಿರುತ್ತದೆ. ಚಳಿಗಾಲದಲ್ಲಿ ಹೀಟಿಂಗ್ ಜೋರಾಗಿ ಹಾಕಿ ಗಾಳಿ ಒಣಗಿಸಿದರೆ ಸೌಂಡ್‌ಬೋರ್ಡು ಬಿರುಕು ಬಿಡುತ್ತದೆ. ಎಷ್ಟೋ ಆರ್ಗನ್‌ಗಳು ಹಾಳಾದದ್ದು ವಯಸ್ಸಿನಿಂದಲ್ಲ, ಹೀಟಿಂಗ್‌ನಿಂದ.

ಎರಡು ಕೀಬೋರ್ಡಿನ ಸಣ್ಣ ಆರ್ಗನ್ ಕೂಡ ಟನ್ ಲೆಕ್ಕದಲ್ಲಿ ತೂಗುತ್ತದೆ. ಹಾಗಾಗಿ ನೆಲವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಮತ್ತೊಂದು: ಚರ್ಚಿನಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಇದ್ದರೆ ಕಿತ್ತು ಹಾಕಿ. ಹನ್ನೆರಡು ಸ್ಟಾಪಿನ ಆರ್ಗನ್ ಕಲ್ಲು ನೆಲದ ಚರ್ಚನ್ನು ತುಂಬುತ್ತದೆ. ಕಾರ್ಪೆಟ್ ಹಾಸಿದಲ್ಲಿ ಇಪ್ಪತ್ತು ಸ್ಟಾಪ್ ಇದ್ದರೂ ಸಾಲದು ಅನ್ನಿಸುತ್ತದೆ.

ಆರ್ಗನ್ ನೋಡಲು ಹೋದಾಗ

ಬ್ರಿಟನ್ನಿನಲ್ಲಿ ಹುಡುಕುವುದು ಸುಲಭ. ನ್ಯಾಷನಲ್ ಪೈಪ್ ಆರ್ಗನ್ ರಿಜಿಸ್ಟರ್‌ನಲ್ಲಿ ದೇಶದ ಬಹುಪಾಲು ಆರ್ಗನ್‌ಗಳ ವಿವರ ಇದೆ. ಯಾರು ಕಟ್ಟಿದ್ದು, ಯಾವ ಸ್ಟಾಪ್ ಇವೆ, ಯಾವಾಗ ಯಾರು ಬದಲಿಸಿದರು ಎಲ್ಲ ಸಿಗುತ್ತದೆ. ಇನ್‌ಸ್ಟಿಟ್ಯೂಟ್ ಆಫ್ ಬ್ರಿಟಿಷ್ ಆರ್ಗನ್ ಬಿಲ್ಡಿಂಗ್ ಬೇಡವಾದ ಆರ್ಗನ್‌ಗಳ ಪಟ್ಟಿ ಇಡುತ್ತದೆ. ಅಮೆರಿಕದಲ್ಲಿ 1961ರಿಂದ ಆರ್ಗನ್ ಕ್ಲಿಯರಿಂಗ್ ಹೌಸ್ ಇದೇ ಕೆಲಸ ಮಾಡುತ್ತಿದೆ. ಹಲವು ಆರ್ಗನ್‌ಗಳ ಮುಂದೆ "ಉಚಿತ, ತೆಗೆದುಕೊಂಡು ಹೋಗಿ" ಎಂದು ಬರೆದಿರುತ್ತದೆ. ಉಚಿತ ಎನ್ನುವುದು ಆರ್ಗನ್ನಿಗೆ ಮಾತ್ರ. ಬಿಚ್ಚುವುದು, ಸಾಗಿಸುವುದು, ಚರ್ಮ ಹಾಕುವುದು, ನಿಲ್ಲಿಸುವುದು ಯಾವುದೂ ಉಚಿತ ಅಲ್ಲ.

ನೋಡಲು ಹೋಗುವಾಗ ಆರ್ಗನ್ ಕಟ್ಟುವ ಕಸುಬಿನವರೊಬ್ಬರನ್ನು ಫೀಸು ಕೊಟ್ಟು ಕರೆದುಕೊಂಡು ಹೋಗಿ. ಆ ಫೀಸು ಉಳಿಸಲು ನೋಡಬೇಡಿ. ಜೊತೆಗೆ ನೀವೂ ಕಿವಿ ಕೊಡಿ. ಬ್ಲೋವರ್ (ತಿದಿಗೆ ಗಾಳಿ ತುಂಬುವ ವಿದ್ಯುತ್ ಫ್ಯಾನು) ಹಾಕಿ, ಯಾವ ಕೀ ಮುಟ್ಟದೆ ಸುಮ್ನೆ ನಿಂತು ಕೇಳಿ. ಉಸ್ ಎನ್ನುವ ಸದ್ದು ಎಲ್ಲಿಂದ ಬರುತ್ತಿದೆ? ತಿದಿಯ ಮೂಲೆಯಿಂದ ಬಂದರೆ ಚರ್ಮ ಹೋಗಿದೆ. ಆ ಮೂಲೆಯ ಚರ್ಮವನ್ನು ಬೆರಳಿನಲ್ಲಿ ಹಿಸುಕಿ. ಕೆಂಪು ಪುಡಿ ಉದುರಿದರೆ ಅದರ ಆಯುಷ್ಯ ಮುಗಿದಿದೆ. ಇದಕ್ಕೆ ಹೆದರಬೇಕಾಗಿಲ್ಲ, ಚರ್ಮ ಹೊಸದಾಗಿ ಹಾಕಬಹುದು.

ಹೆದರಬೇಕಾದದ್ದು ಇನ್ನೊಂದಕ್ಕೆ. ಒಂದೇ ಸ್ಟಾಪ್ ಎಳೆದು ಒಂದು ಕೀ ಒತ್ತಿ ಹಿಡಿಯಿರಿ. ಪಕ್ಕದ ಸ್ವರ ಸಣ್ಣಗೆ ಗೊಣಗುತ್ತದೆಯೇ? ಹೀಗೆ ಎಲ್ಲ ಕೀಗಳನ್ನೂ ನೋಡಿ. ಗೊಣಗಿದರೆ ಒಂದು ದಾರಿಯ ಗಾಳಿ ಇನ್ನೊಂದಕ್ಕೆ ಸೋರುತ್ತಿದೆ ಎಂದು ಅರ್ಥ. ಸೌಂಡ್‌ಬೋರ್ಡಿನ ಒಳಗೆ ಬಿರುಕು ಇದೆ. ಅದು ಸರಿಯಾಗುತ್ತದೆ, ಆದರೆ ಇಡೀ ಕೆಲಸದಲ್ಲಿ ಅತಿ ದುಬಾರಿ ರಿಪೇರಿ ಅದೇ. ಎರಡು ಆರ್ಗನ್‌ಗಳ ನಡುವೆ ಆರಿಸಬೇಕಾದಾಗ ಪೈಪು ಕೊಳೆಯಾಗಿದ್ದರೂ ಸೌಂಡ್‌ಬೋರ್ಡು ಗಟ್ಟಿ ಇರುವುದನ್ನು ಆರಿಸಿ. ಮುಂಭಾಗದ ಪೈಪಿನ ಬಣ್ಣ, ಚಿನ್ನದ ಲೇಪ ನೋಡಿ ಮರುಳಾಗಬೇಡಿ.

ಟಾರ್ಚ್ ಹಿಡಿದು ಒಳಗಿನ ಚೌಕಟ್ಟು ನೋಡಿ. ಸಣ್ಣ ತೂತು, ಕೆಳಗೆ ಹೊಸ ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹಿಡಿದಿದೆ. ಅದಕ್ಕೆ ಮದ್ದು ಆಗುವವರೆಗೆ ನಿಮ್ಮ ಚರ್ಚಿನೊಳಗೆ ತರಬಾರದು. ಬ್ಲೋವರಿನ ಹಳೆಯ ಪೆಟ್ಟಿಗೆಗೆ ಒಳಗಿನಿಂದ ಆಸ್ಬೆಸ್ಟಾಸ್ ಹಚ್ಚಿರಬಹುದು. ಅನುಮಾನ ಬಂದರೆ ಮುಟ್ಟದೆ ಪರೀಕ್ಷೆ ಮಾಡಿಸಿ.

ಕಾಗದ ಪತ್ರ

ಇದು ಬೇಸರದ ಕೆಲಸ, ಆದರೂ ಮೊದಲು ಮುಗಿಸಬೇಕು. ಚರ್ಚ್ ಆಫ್ ಇಂಗ್ಲೆಂಡಿನ ಕಟ್ಟಡವಾದರೆ ಆರ್ಗನ್ ತರುವುದಕ್ಕೂ ತೆಗೆಯುವುದಕ್ಕೂ ಬಿಷಪ್ಪರ ಆಡಳಿತ ಪ್ರಾಂತವಾದ ಡಯಾಸಿಸ್‌ನಿಂದ ಫ್ಯಾಕಲ್ಟಿ ಎಂಬ ಅನುಮತಿ ಬೇಕು. ಡಯಾಸಿಸ್‌ಗೆ ಒಬ್ಬ ಆರ್ಗನ್ ಸಲಹೆಗಾರರು ಇರುತ್ತಾರೆ. ಅವರನ್ನು ಕೊನೆಯಲ್ಲಿ ಸಹಿಗೆ ಹುಡುಕುವುದಲ್ಲ, ಮೊದಲ ದಿನವೇ ಜೊತೆಗೆ ಕೂರಿಸಿಕೊಳ್ಳಿ. ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡವಾದರೆ ಆರ್ಗನ್ ಕೂಡ ಕಟ್ಟಡದ ಭಾಗವೆಂದೇ ಲೆಕ್ಕ. ಚಾಪೆಲ್ ಮುಚ್ಚಿದ್ದರೂ ಅನುಮತಿ ಇಲ್ಲದೆ ಒಂದು ಸ್ಕ್ರೂ ಬಿಚ್ಚಬಾರದು. ಬ್ರಿಟಿಷ್ ಇನ್‌ಸ್ಟಿಟ್ಯೂಟ್ ಆಫ್ ಆರ್ಗನ್ ಸ್ಟಡೀಸ್ ಮುಖ್ಯವಾದ ಆರ್ಗನ್‌ಗಳಿಗೆ ದರ್ಜೆಯ ಪ್ರಮಾಣಪತ್ರ ಕೊಡುತ್ತದೆ. ನೀವು ತರುವ ಆರ್ಗನ್‌ಗೆ ಅದಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು.

ಹಳೆಯ ಕೀಗಳ ಮೇಲೆ ಆನೆ ದಂತದ ತೆಳು ಹಾಳೆ ಇರುತ್ತದೆ. ಬ್ರಿಟನ್ನಿನಲ್ಲಿ 2018ರ ದಂತ ಕಾಯಿದೆ 2022ರಲ್ಲಿ ಜಾರಿಗೆ ಬಂತು. 1975ಕ್ಕೆ ಮುಂಚೆ ಮಾಡಿದ ವಾದ್ಯ, ದಂತದ ಪಾಲು ನೂರಕ್ಕೆ 20ಕ್ಕಿಂತ ಕಡಿಮೆ ಇದ್ದರೆ ವಿನಾಯಿತಿ ಉಂಟು. ಆದರೆ ಮಾರುವ ಮುಂಚೆ ನೋಂದಣಿ ಮಾಡಿಸಬೇಕು. ದೇಶದ ಗಡಿ ದಾಟಿಸುವುದಾದರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪರ್ಮಿಟ್ಟೂ ಬೇಕು. ಭಾರತದಂಥ ದೇಶಕ್ಕೆ ಕಳಿಸುವುದಾದರೆ ದಂತ ತೆಗೆಸಿ ಮೂಳೆ ಅಥವಾ ಪ್ಲಾಸ್ಟಿಕ್ ಹಾಕಿಸುವುದೇ ನೆಮ್ಮದಿ.

ಬಿಚ್ಚುವ ಮುಂಚೆ ಬರೆದಿಡಿ

ಈ ಒಂದು ಹಂತದಲ್ಲಿ ಅವಸರ ಮಾಡಿದವರು ಆಮೇಲೆ ವರ್ಷಗಟ್ಟಲೆ ಪರದಾಡುತ್ತಾರೆ. ಆರ್ಗನ್ ಇನ್ನೂ ನುಡಿಯುತ್ತಿರುವಾಗಲೇ ಅದರ ಗಾಳಿಯ ಒತ್ತಡ ಅಳೆಯಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ. ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯನ್ನು ಯು ಆಕಾರದಲ್ಲಿ ಬಗ್ಗಿಸಿ ಒಂದು ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ. ಒಂದು ಪೈಪು ಎತ್ತಿ ತೆಗೆದು, ಅದು ನಿಂತಿದ್ದ ತೂತಿಗೆ ನಳಿಗೆಯ ಒಂದು ತುದಿಯನ್ನು ಗಾಳಿ ಸೋರದ ಹಾಗೆ ಹಿಡಿಯಿರಿ. ಆ ಸ್ಟಾಪ್ ಎಳೆದು ಆ ಕೀ ಒತ್ತಿ. ಒಂದು ಕಡೆ ನೀರು ಇಳಿಯುತ್ತದೆ, ಇನ್ನೊಂದು ಕಡೆ ಏರುತ್ತದೆ. ಎರಡರ ನಡುವಿನ ಅಂತರವೇ ಒತ್ತಡ. ವಿಕ್ಟೋರಿಯಾ ಕಾಲದ ಸಣ್ಣ ಚರ್ಚ್ ಆರ್ಗನ್‌ಗಳಲ್ಲಿ ಸಾಮಾನ್ಯವಾಗಿ 3 ಇಂಚಿನ ಆಸುಪಾಸು ಇರುತ್ತದೆ. ಕಾಲು ಇಂಚು ಹೆಚ್ಚು ಕಡಿಮೆ ಆದರೂ ಎಲ್ಲ ಪೈಪಿನ ದನಿಯೂ ಶ್ರುತಿಯೂ ಬದಲಾಗುತ್ತದೆ. ಪೈಪಿನ ಬಾಯಿ (ದನಿ ಹುಟ್ಟುವ ಸೀಳು) ಕೊರೆದವನು ಆ ಒತ್ತಡಕ್ಕೆ ಕಿವಿ ಕೊಟ್ಟು ಕೊರೆದಿರುತ್ತಾನೆ.

ಆ ಒತ್ತಡ ಬರುವುದು ತಿದಿಯ ಮೇಲೆ ಇಟ್ಟ ಭಾರದಿಂದ. ಎರಕದ ಕಬ್ಬಿಣದ ತುಂಡು, ಕೆಲವು ಕಡೆ ಇಟ್ಟಿಗೆ, ಕಲ್ಲು. ನೋಡಲು ಕಸದ ಹಾಗೆ ಇರುತ್ತವೆ, ಲಾರಿಯವರು ಬಿಟ್ಟು ಬರುತ್ತಾರೆ. ಒಂದೊಂದನ್ನೂ ತೂಗಿ, ಎಲ್ಲಿತ್ತು ಎಂದು ಗುರುತು ಹಾಕಿ, ತಪ್ಪದೆ ತನ್ನಿ.

ಶ್ರುತಿ ಎಷ್ಟಿದೆ ನೋಡಿ, ಜೊತೆಗೆ ಆ ಹೊತ್ತಿನ ಉಷ್ಣಾಂಶ ಬರೆಯಿರಿ. ಉಷ್ಣಾಂಶ ಇಲ್ಲದೆ ಶ್ರುತಿಯ ಲೆಕ್ಕಕ್ಕೆ ಅರ್ಥ ಇಲ್ಲ. ವಿಕ್ಟೋರಿಯಾ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 452 ಹರ್ಟ್ಸ್‌ನ ಏರು ಶ್ರುತಿ ಬಳಕೆಯಲ್ಲಿತ್ತು. ಇಂದಿನ 440ಕ್ಕೆ ಇಳಿಸದೆ ಉಳಿದ ಆರ್ಗನ್ ಸಿಕ್ಕರೆ ವಯೊಲಿನ್, ತುತ್ತೂರಿ ಜೊತೆ ನುಡಿಸಲು ಆಗುವುದಿಲ್ಲ. ಅದನ್ನು ಮೊದಲೇ ತಿಳಿದು ನಿರ್ಧಾರ ಮಾಡಿ. ಪ್ರತಿ ಸ್ಟಾಪಿನ ಪ್ರತಿ ಸ್ವರವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಫೋಟೋ: ದೂರದಿಂದ, ಹತ್ತಿರದಿಂದ, ಟ್ರ್ಯಾಕರ್‌ಗಳ ಪ್ರತಿ ತಿರುವು, ಪ್ರತಿ ಸ್ಕ್ರೂ. ಪ್ರತಿ ಫೋಟೋದಲ್ಲೂ ಒಂದು ಅಳತೆ ಪಟ್ಟಿ ಇರಲಿ.

ಬಿಚ್ಚುವುದು ಮತ್ತು ಸಾಗಿಸುವುದು

ಸಣ್ಣ ಪೈಪಿನಿಂದ ಶುರು ಮಾಡಿ. ಹನ್ನೆರಡು ಸ್ಟಾಪಿನ ಆರ್ಗನ್ ಎಂದರೂ ಪೈಪುಗಳು ಆರುನೂರರ ಆಸುಪಾಸು. ಪೆನ್ಸಿಲ್‌ನಷ್ಟು ಸಣ್ಣದೂ ಇವೆ, ಇಬ್ಬರು ಮೂವರು ಹೊರುವಂಥದ್ದೂ ಇವೆ. ಪೈಪಿನ ಮೈ ಮೇಲೆ ಕಟ್ಟಿದವರು ಸ್ವರದ ಅಕ್ಷರ, ಸ್ಟಾಪಿನ ಗುರುತು ಕೊರೆದಿರುತ್ತಾರೆ. ಅದನ್ನೇ ನಂಬಿ ಕೂರಬೇಡಿ, ಎಷ್ಟೋ ಸಲ ಮಧ್ಯೆ ಯಾರೋ ಅದಲು ಬದಲು ಮಾಡಿರುತ್ತಾರೆ. ಯಾವ ತೂತಿನಲ್ಲಿ ನಿಂತಿತ್ತೋ ಅದನ್ನು ಬರೆಯಿರಿ. ಲೋಹದ ಪೈಪಿಗೆ ಟೇಪ್ ಅಂಟಿಸಬಾರದು. ದಾರದಲ್ಲಿ ಚೀಟಿ ಕಟ್ಟಿ.

ಪೈಪನ್ನು ಎರಡು ಕೈಯಲ್ಲಿ ಹಿಡಿಯಬೇಕು, ಒಂದು ಕೈ ಕಾಲಿಗೆ, ಒಂದು ಕೈ ಮೈಗೆ. ಬಾಯಿಯ ಹತ್ತಿರ ಹಿಡಿಯಲೇಬಾರದು. ತವರ, ಸೀಸದ ಲೋಹ ಮೆತ್ತಗೆ. ತುಟಿ ಒಂದು ಕೂದಲೆಳೆ ಒಳಗೆ ಹೋದರೂ ಪೈಪು ಮಾತು ಮರೆಯುತ್ತದೆ. ರೀಡ್ ಪೈಪುಗಳಲ್ಲಿ ಒಳಗಿನ ಹಿತ್ತಾಳೆ ನಾಲಗೆಯನ್ನೂ ಶ್ರುತಿಯ ತಂತಿಯನ್ನೂ ಯಾರೂ ಮುಟ್ಟಬಾರದು. ಆ ನಾಲಗೆಯ ಬಾಗು ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ, ದನಿ ಇರುವುದೆಲ್ಲ ಆ ಬಾಗಿನಲ್ಲೇ. ಹತ್ತಿ ಗ್ಲೌಸು ಹಾಕಿ. ಸೀಸ ವಿಷ. ಕೆಲಸದ ಜಾಗದಲ್ಲಿ ಚಹಾ, ತಿಂಡಿ ಬೇಡ. ಊಟಕ್ಕೆ ಮುಂಚೆ ಕೈ ಸೋಪಿನಲ್ಲಿ ತೊಳೆಯಿರಿ. ಮಕ್ಕಳಿಗೆ ಮರದ ಪೈಪು, ಚೀಟಿ ಬರೆಯುವ ಕೆಲಸ ಕೊಡಿ.

ಪೈಪುಗಳನ್ನು ಉದ್ದನೆಯ ಮರದ ತಟ್ಟೆಗಳಲ್ಲಿ ಮಲಗಿಸಿ, ನಡುವೆ ಕಾಗದ ತುರುಕಿ. ಒಂದರ ಮೇಲೊಂದು ಪೇರಿಸಬೇಡಿ. ದೊಡ್ಡ ಪೈಪನ್ನು ಲಾರಿಯಲ್ಲಿ ಕಾಲಿನ ತುದಿಯ ಮೇಲೆ ನಿಲ್ಲಿಸಿದರೆ ಮೊದಲ ಉಬ್ಬಿನಲ್ಲೇ ಕಾಲು ಕುಸಿಯುತ್ತದೆ. ಓಕ್ ಮರದ ಅಥವಾ ಎಮ್‌ಡಿಎಫ್ ಪೆಟ್ಟಿಗೆಯಲ್ಲಿ ಮುಚ್ಚಿ ತಿಂಗಳುಗಟ್ಟಲೆ ಇಡಬೇಡಿ. ಅವು ಬಿಡುವ ಹುಳಿ ಆವಿ ಸೀಸವನ್ನು ತಿನ್ನುತ್ತದೆ, ಪೈಪಿನ ಮೇಲೆ ಬಿಳಿ ಪುಡಿ ಏಳುತ್ತದೆ.

ಪೈಪು ಮುಗಿದ ಮೇಲೆ ಟ್ರ್ಯಾಕರ್, ಅದರ ಅಡ್ಡ ಕಡ್ಡಿಗಳು, ಆಮೇಲೆ ಸ್ವೆಲ್ ಪೆಟ್ಟಿಗೆ (ದನಿ ಏರಿಸಿ ಇಳಿಸಲು ಬಾಗಿಲುಗಳಿರುವ ಪೆಟ್ಟಿಗೆ), ಸೌಂಡ್‌ಬೋರ್ಡು, ಚೌಕಟ್ಟು, ಕೊನೆಗೆ ತಿದಿ. ಟ್ರ್ಯಾಕರ್‌ಗಳನ್ನು ಸಾಲು ಕೆಡದ ಹಾಗೆ ಎರಡು ಪಟ್ಟಿಗಳ ನಡುವೆ ಬಿಗಿದು ಕಟ್ಟಿ. ಒಂದು ಸ್ಕ್ರೂ ತೆಗೆದರೆ ಅದೇ ತೂತಿನ ಚೀಟಿಯ ಜೊತೆ ಡಬ್ಬಿಗೆ ಹಾಕಿ. ಹಳೆಯ ಸ್ಕ್ರೂಗಳು ಒಂದರಂತೆ ಒಂದಿರುವುದಿಲ್ಲ. ಒಳಗೆ ಎಲ್ಲಾದರೂ ಪೆನ್ಸಿಲ್ ಬರಹ ಕಂಡರೆ, ಕೆಲಸಗಾರರ ಸಹಿ, ತಾರೀಕು, ಸೌಂಡ್‌ಬೋರ್ಡಿಗೆ ಅಂಟಿಸಿದ ಹಳೆಯ ಪತ್ರಿಕೆಯ ತುಂಡು, ಅದನ್ನು ಉಜ್ಜಿ ಅಳಿಸಬೇಡಿ. ಫೋಟೋ ತೆಗೆದು ಹಾಗೇ ಬಿಡಿ.

ಸಾಮಾನು ಇಡುವ ಜಾಗ ಒಣಗಿರಬೇಕು. ಪುಕ್ಕಟೆ ಸಿಗುತ್ತದೆ ಎಂದು ತೇವದ ಕೊಟ್ಟಿಗೆಯಲ್ಲಿ ಒಂದು ಚಳಿಗಾಲ ಇಟ್ಟರೆ ಅಂಟೆಲ್ಲ ಬಿಟ್ಟುಕೊಳ್ಳುತ್ತದೆ.

ತಿದಿ, ಸೌಂಡ್‌ಬೋರ್ಡು, ಪೈಪು

ಸಭೆಯವರು ಯಾವ ಕೆಲಸ ಮಾಡಬಹುದು, ಯಾವುದು ಬೇಡ? ಹೊರುವುದು, ಪ್ಯಾಕ್ ಮಾಡುವುದು, ಧೂಳು ತೆಗೆಯುವುದು, ಹೊರಗವಚಕ್ಕೆ ಪಾಲಿಷ್, ಟ್ರ್ಯಾಕರ್‌ಗಳ ಸವೆದ ಬಟ್ಟೆ ಮತ್ತು ಚರ್ಮದ ಗುಂಡಿ ಬದಲಿಸುವುದು, ಇವನ್ನು ಧಾರಾಳವಾಗಿ ಮಾಡಿ. ಸೌಂಡ್‌ಬೋರ್ಡು, ರೀಡ್ ಪೈಪು, ದನಿ ತಿದ್ದುವುದು ಕಸುಬಿನವರಿಗೆ ಬಿಡಿ. ಚರ್ಮ ಹಾಕುವುದು ನಡುವಿನದು. ಮರಗೆಲಸ ಬಲ್ಲವರು ಕಸುಬಿನವರ ಪಕ್ಕ ಕೂತು ಕಲಿಯಬಹುದು, ನಾನು ಕಲಿತದ್ದು ಹಾಗೆಯೇ.

ತಿದಿಗೆ ಕುರಿ ಚರ್ಮ ಬೇಕು. ಅಂಟಿಗೆ ಚರ್ಮ, ಮೂಳೆ ಬೇಯಿಸಿ ಮಾಡಿದ ಸರೇಸು, ನಮ್ಮ ಹಳೆಯ ಬಡಗಿಗಳು ಬಳಸುತ್ತಿದ್ದದ್ದೇ. ಅದನ್ನು ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಸುಮಾರು 60 ಡಿಗ್ರಿಗೆ ಕಾಯಿಸಬೇಕು, ಕುದಿಸಿದರೆ ಬಲ ಹೋಗುತ್ತದೆ. ಡಬ್ಬಿಯಲ್ಲಿ ಬರುವ ಬಿಳಿ ಫೆವಿಕಾಲ್ ಜಾತಿಯ ಅಂಟು ಬೇಡ. ಸರೇಸು ಬಿಸಿನೀರಿಗೆ ಬಿಡುತ್ತದೆ. ಐವತ್ತು ವರ್ಷ ಆದಮೇಲೆ ಚರ್ಮ ಬದಲಿಸುವವನು ಮರಕ್ಕೆ ಗಾಯ ಮಾಡದೆ ಬಿಡಿಸಿಕೊಳ್ಳುತ್ತಾನೆ.

ಮೂಲೆಯ ತುಂಡೇ ಕಷ್ಟದ್ದು. ಕಾಗದದಲ್ಲಿ ಅಚ್ಚು ತೆಗೆದು ಚರ್ಮ ಕತ್ತರಿಸಿ. ಗಾಜಿನ ಹಲಗೆಯ ಮೇಲಿಟ್ಟು ಹರಿತವಾದ ಚೂರಿಯಿಂದ ಅಂಚನ್ನು ಓರೆಯಾಗಿ ಕೀಸಿ, ಕೊನೆಗೆ ಅಂಚು ಕಾಗದದಷ್ಟು ತೆಳ್ಳಗಾಗಬೇಕು. ದಪ್ಪ ಅಂಚು ಬಿಟ್ಟರೆ ಏಳುವುದು ಅಲ್ಲಿಂದಲೇ. ತಿದಿಯನ್ನು ಪೂರ್ತಿ ಮೇಲೆತ್ತಿ ಕಟ್ಟಿ, ಮೂಲೆ ಅತಿ ಹೆಚ್ಚು ತೆರೆದಿರುವಾಗ ಅಂಟಿಸಿ. ಮುಚ್ಚಿದ ಸ್ಥಿತಿಯಲ್ಲಿ ಅಂಟಿಸಿದರೆ ಗಾಳಿ ತುಂಬಿದ ಮೊದಲ ದಿನವೇ ಮೂಲೆ ಕಿತ್ತು ಬರುತ್ತದೆ. ಚರ್ಮದ ಒರಟು ಕಡೆಗೆ ಅಂಟು ಹಚ್ಚಿ, ಇಟ್ಟು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಉಜ್ಜುತ್ತಾ ಬನ್ನಿ. ಅಂಚಿನಲ್ಲಿ ಅಂಟು ಸಣ್ಣ ಗೆರೆಯಾಗಿ ಹೊರಬಂದರೆ ಕೂತಿದೆ ಎಂದರ್ಥ. ಅದನ್ನು ಒರೆಸಿ, ಕೈ ಹಚ್ಚದೆ ರಾತ್ರಿಯಿಡೀ ಬಿಡಿ.

ಸೌಂಡ್‌ಬೋರ್ಡಿನಲ್ಲಿ ಕಸುಬಿನವರು ಪ್ಯಾಲೆಟ್ ತೆಗೆದು ಹೊಸ ಚರ್ಮ ಹಾಕುತ್ತಾರೆ. ಸೋರುವ ದಾರಿಗಳಿಗೆ ತೆಳುವಾದ ಬಿಸಿ ಅಂಟು ಸುರಿದು ಎಲ್ಲ ಕಡೆ ಹರಿಸಿ ಬಿರುಕು ಮುಚ್ಚುತ್ತಾರೆ. ಮೇಲಿನ ಹಲಗೆ ತೀರ ಬಿರುಕು ಬಿಟ್ಟಿದ್ದರೆ ಅದರ ಜಾಗಕ್ಕೆ ಪ್ಲೈವುಡ್ ಹಾಕುತ್ತಾರೆ. ನೂರು ವರ್ಷ ಹೀಟಿಂಗ್ ಇರುವ ಕಟ್ಟಡದಲ್ಲಿ ನಿಲ್ಲಬೇಕಾದರೆ ಇದೇ ವಾಸಿ. ಸಣ್ಣಪುಟ್ಟ ಭಾಗಗಳ ಬಗ್ಗೆ ಒಂದು ಎಚ್ಚರಿಕೆ: 1823ರಿಂದ ಇಡೀ ಲೋಕಕ್ಕೆ ಆರ್ಗನ್ ಭಾಗ ಪೂರೈಸುತ್ತಿದ್ದ ಜರ್ಮನಿಯ ಲೌಕ್‌ಹುಫ್ ಕಂಪನಿ 2021ರಲ್ಲಿ ಮುಚ್ಚಿತು. ಆಮೇಲೆ ಬೇಕಾದದ್ದು ಬೇಕಾದಾಗ ಸಿಗುವುದು ಕಡಿಮೆ ಆಗಿದೆ. ಹಾಗಾಗಿ ಹಳೆಯ ಭಾಗ ಯಾವುದನ್ನೂ ಎಸೆಯಬೇಡಿ.

ಲೋಹದ ಪೈಪನ್ನು ಉಗುರುಬೆಚ್ಚಗಿನ ನೀರು, ಮೆದು ಸೋಪು, ಮೆತ್ತಗಿನ ಉದ್ದ ಬ್ರಷ್‌ನಿಂದ ತೊಳೆದು ನೆರಳಲ್ಲಿ ಒಣಗಿಸಿ. ಹೊಳೆಯಲಿ ಎಂದು ಪಾಲಿಷ್ ತಿಕ್ಕಬೇಡಿ. ಮರದ ಪೈಪಿಗೆ ನೀರು ಬೇಡ, ವ್ಯಾಕ್ಯೂಮ್ ಸಾಕು.

ನಿಲ್ಲಿಸುವುದು, ಶ್ರುತಿ ಮಾಡುವುದು

ಚೌಕಟ್ಟು ನಿಲ್ಲಿಸುವಾಗ ರಸಮಟ್ಟ ಬಿಡದೆ ಬಳಸಿ. ಸೌಂಡ್‌ಬೋರ್ಡು ಒಂದು ಮೂಲೆಯಲ್ಲಿ ಸ್ವಲ್ಪ ತಿರುಚಿದರೂ ಸ್ಲೈಡರ್ ಬಿಗಿಯಾಗುತ್ತದೆ, ಇಲ್ಲವೇ ಗಾಳಿ ಸೋರುತ್ತದೆ. ಬ್ಲೋವರ್ ಗಾಳಿ ಎಳೆದುಕೊಳ್ಳುವುದು ಆರ್ಗನ್ ನಿಂತ ಕೋಣೆಯಿಂದಲೇ ಆಗಿರಲಿ. ಚಳಿಗಾಲದಲ್ಲಿ ತಣ್ಣಗಿನ ನೆಲಮಾಳಿಗೆಯ ಗಾಳಿ ಎಳೆದರೆ ಶ್ರುತಿ ಎಂದಿಗೂ ನಿಲ್ಲುವುದಿಲ್ಲ. ಮೊದಲು ತಿದಿ ಮತ್ತು ಗಾಳಿ ಕೊಳವೆ ಜೋಡಿಸಿ, ಪೈಪು ಇಡುವ ಮುಂಚೆಯೇ ನಳಿಗೆ ಹಿಡಿದು ಒತ್ತಡ ನೋಡಿ. ಹಳೆಯ ಚಾಪೆಲ್‌ನಲ್ಲಿ ಬರೆದುಕೊಂಡ ಅಂಕಿಗೆ ಬರಬೇಕು.

ಪೈಪು ನಿಂತ ಮೇಲೆ ಮರ, ಚರ್ಮ ಹೊಸ ಜಾಗಕ್ಕೆ ಒಗ್ಗಲು ಕೆಲವು ವಾರ ಬಿಡಿ. ಆಮೇಲೆ ಶ್ರುತಿ. ಭಾನುವಾರದ ಆರಾಧನೆಯ ಹೊತ್ತಿಗೆ ಚರ್ಚು ಎಷ್ಟು ಬೆಚ್ಚಗಿರುತ್ತದೋ ಅಷ್ಟೇ ಬೆಚ್ಚಗೆ ಇಟ್ಟು ಮಾಡಬೇಕು. ಒಂದು ಡಿಗ್ರಿ ಏರಿದರೆ ಸಾಧಾರಣ ಪೈಪುಗಳ ಶ್ರುತಿ ಸುಮಾರು 3 ಸೆಂಟ್ (ಪಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರರಲ್ಲಿ ಮೂರು ಪಾಲು) ಏರುತ್ತದೆ. ರೀಡ್ ಪೈಪುಗಳು ಅಷ್ಟು ಏರುವುದಿಲ್ಲ, ಹೀಗಾಗಿ ಬೇಸಿಗೆಯಲ್ಲಿ ಎರಡೂ ಜಗಳಕ್ಕೆ ಬೀಳುತ್ತವೆ. ಆಗ ರೀಡನ್ನು ಮಾತ್ರ ತಿದ್ದಬೇಕು, ಉಳಿದದ್ದನ್ನು ಮುಟ್ಟಬಾರದು. ಹೊಸ ಚರ್ಚು ದೊಡ್ಡದು ಎಂದು ಪೈಪಿನ ಬಾಯಿ ಎತ್ತರಿಸಿ ದನಿ ಜಾಸ್ತಿ ಮಾಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೊಯ್ದ ತುಟಿ ಮತ್ತೆ ಬೆಳೆಯುವುದಿಲ್ಲ. ಕಾಲಿನ ತೂತಿನಲ್ಲಿ ಆಗುವಷ್ಟು ಸಣ್ಣ ತಿದ್ದುಪಡಿ ಸಾಕು.

ಮೊದಲ ವರ್ಷ ಸೈಫರ್ ಬರುತ್ತದೆ, ಅಂದರೆ ಕೀ ಬಿಟ್ಟ ಮೇಲೂ ಸ್ವರ ನಿಲ್ಲುವುದಿಲ್ಲ. ಬಹುಪಾಲು ಸಲ ಪ್ಯಾಲೆಟ್ ಮೇಲೆ ಒಂದು ಮರದ ಚೂರು ಕೂತಿರುತ್ತದೆ. ಆರ್ಗನ್ ಪಕ್ಕ ಒಂದು ನೋಟ್‌ಬುಕ್ ಇಡಿ. ನುಡಿಸುವವರು ಯಾವ ಸ್ಟಾಪ್, ಯಾವ ಸ್ವರ, ಏನು ತೊಂದರೆ ಎಂದು ಬರೆಯಲಿ. ನ್ಯಾಷನಲ್ ಪೈಪ್ ಆರ್ಗನ್ ರಿಜಿಸ್ಟರ್‌ಗೂ ಹೊಸ ವಿಳಾಸ ಕಳಿಸಿ.

ಮಂಗಳೂರಿಗೆ ಒಂದು ತರಬಹುದೇ?

ಊರಿನವರು ಕೇಳುವ ಪ್ರಶ್ನೆ ಇದು. ಸಾಗಿಸುವುದು ದೊಡ್ಡ ಮಾತಲ್ಲ. 20 ಅಡಿ ಕಂಟೇನರಿನ ಒಳ ಉದ್ದ ಸುಮಾರು 5.9 ಮೀಟರ್. 16 ಅಡಿಯ ತೆರೆದ ಪೈಪಿದ್ದರೆ ಕಾಲು ಸೇರಿಸಿ ಅಳೆದುಕೊಳ್ಳಿ. ಪ್ಯಾಕಿಂಗ್ ಮರಕ್ಕೆ ಕೀಟ ನಾಶ ಮಾಡಿದೆ ಎನ್ನುವ ಅಂತರರಾಷ್ಟ್ರೀಯ ಮುದ್ರೆ ಇರಬೇಕು. ಕಷ್ಟ ಇರುವುದು ಹವೆಯಲ್ಲಿ. ಇಲ್ಲಿ 18 ಡಿಗ್ರಿಯಲ್ಲಿ 440ಕ್ಕೆ ಶ್ರುತಿ ಮಾಡಿದ ಪೈಪು ನಮ್ಮೂರ 30 ಡಿಗ್ರಿಯಲ್ಲಿ 449ರ ಹತ್ತಿರ ನುಡಿಯುತ್ತದೆ. ಅದನ್ನು 440ಕ್ಕೆ ಇಳಿಸಲು ಪೈಪು ಉದ್ದ ಆಗಬೇಕು. ತುದಿಯಲ್ಲಿ ಸರಿಯುವ ತಗಡಿನ ಪಟ್ಟಿ ಇದ್ದು, ಅದರಲ್ಲಿ ಅಷ್ಟು ಜಾಗ ಉಳಿದಿದ್ದರೆ ಸರಿ. ಹಾಗಿಲ್ಲದ ಆರ್ಗನ್ ಆರಿಸಲೇಬೇಡಿ. ಜೂನ್‌ನಿಂದ ಮಳೆ ಹಿಡಿದರೆ ಸ್ಲೈಡರ್‌ಗಳು ಉಬ್ಬಿ ಕದಲುವುದಿಲ್ಲ, ಚರ್ಮಕ್ಕೆ ಬೂಷ್ಟು ಬರುತ್ತದೆ, ಸರೇಸು ಮೆತ್ತಗಾಗುತ್ತದೆ. ಗೆದ್ದಲು ಬೇರೆ. ಹಿಂದೆ ಉಷ್ಣ ದೇಶಗಳಿಗೆ ಕಳಿಸುವ ಆರ್ಗನ್‌ಗಳಿಗೆ ಇಲ್ಲಿನ ಕಂಪನಿಗಳು ತೇಗ, ಮಹಾಗನಿ ಬಳಸಿ, ಅಂಟಿನ ಜೊತೆ ಎಲ್ಲ ಕಡೆ ಸ್ಕ್ರೂ ಹಾಕುತ್ತಿದ್ದವು. ಅಂಥ ಕೆಲಸವನ್ನು ನಾವೂ ಮಾಡಿಸಬೇಕಾಗುತ್ತದೆ: ಸಂದುಗಳಿಗೆ ಸ್ಕ್ರೂ, ಸ್ಲೈಡರ್‌ಗಳಿಗೆ ಸಡಿಲು, ಚೌಕಟ್ಟಿನ ಕೆಳಗೆ ಕಲ್ಲಿನ ಕಟ್ಟೆ, ಆರ್ಗನ್ನಿನೊಳಗೆ ತೇವ ಎಳೆಯುವ ಯಂತ್ರ, ಅದಕ್ಕೆ ಕರೆಂಟು ಹೋದಾಗಲೂ ನಡೆಯುವ ವ್ಯವಸ್ಥೆ.

ಇಷ್ಟೆಲ್ಲ ಮಾಡಿದರೂ ವರ್ಷಕ್ಕೊಮ್ಮೆ ಇಂಗ್ಲೆಂಡಿನಿಂದ ಯಾರೋ ಬಂದು ನೋಡಲಿ ಎಂದು ಕಾಯುವ ಹಾಗಿದ್ದರೆ ತರಬೇಡಿ. ಆರ್ಗನ್ ಬುಕ್ ಮಾಡುವ ಮುಂಚೆ ನಿಮ್ಮ ಸಭೆಯ ಒಬ್ಬ ಬಡಗಿಯನ್ನೋ, ಕೈ ಚುರುಕಿರುವ ಹುಡುಗ ಹುಡುಗಿಯನ್ನೋ ಆರಿಸಿ. ಬಿಚ್ಚುವ ದಿನದಿಂದ ಚರ್ಮ ಹಾಕಿ ಮುಗಿಯುವ ತನಕ ಅವರು ಇಲ್ಲಿದ್ದು ಪಕ್ಕದಲ್ಲೇ ಕೆಲಸ ಮಾಡಲಿ. ಅವರ ವಿಮಾನದ ಟಿಕೆಟ್ಟು, ಊಟ, ವಸತಿಯ ಖರ್ಚನ್ನು ಬಜೆಟ್ಟಿನಲ್ಲಿ ಕಂಟೇನರಿನ ಬಾಡಿಗೆಗಿಂತ ಮೇಲಿನ ಸಾಲಿನಲ್ಲಿ ಬರೆಯಿರಿ.